ಭೂ ಬಳಕೆಯ ಹಕ್ಕು: ರೈತನ ಒಪ್ಪಿಗೆಯನ್ನು ನಿರ್ಧರಿಸುವ ಅಂಶಗಳು

ಮಧುಗಿರಿ, ಸಿರಾ, ಕೊರಟಗೆರೆ ಹಾಗೂ ಪಾವಗಡ ತಾಲ್ಲೂಕುಗಳಲ್ಲಿ ಉದ್ಯಮ ಸ್ಥಾಪಿಸಲಿಚ್ಛಿಸುವವರು ಮೊದಲು ಕೇಳುವ ಪ್ರಶ್ನೆ, ಎಕರೆಗೆ ದರವೆಷ್ಟು ಎಂಬುದು. ಆದರೆ ಜಮೀನಿನ ಬಳಕೆಯ ಹಕ್ಕನ್ನು ವರ್ಗಾಯಿಸಲು ರೈತನು ಒಪ್ಪುವುದು ದರವೊಂದರಿಂದಲೇ ಅಲ್ಲ. ಪಾವಗಡದ ಸೌರ ವಿದ್ಯುತ್ ಪಾರ್ಕ್ ಇದಕ್ಕೆ ನಿದರ್ಶನ. ತಿರುಮಣಿ, ವಳ್ಳೂರು, ಬಳಸಮುದ್ರ ಮೊದಲಾದ ಐದು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಈ ಯೋಜನೆಯು 2018ರ ಮಾರ್ಚ್‌ನಲ್ಲಿ ಉದ್ಘಾಟನೆಗೊಂಡು 2019ರಲ್ಲಿ ಪೂರ್ಣಗೊಂಡಿತು. ಇಲ್ಲಿ ಭೂಮಿಯನ್ನು ಸ್ವಾಧೀನಪಡಿಸಿಕೊಳ್ಳಲಿಲ್ಲ. 28 ವರ್ಷಗಳ ಗುತ್ತಿಗೆಗೆ ಪಡೆಯಲಾಯಿತು.

1. ಒಡೆತನದ ಭದ್ರತೆ: 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯಿಂದ ಗೇಣಿ ಜಮೀನುಗಳು ಸರ್ಕಾರದಲ್ಲಿ ನಿಹಿತವಾಗಿ, ಗೇಣಿದಾರರಿಗೆ ಹಕ್ಕು ದೊರೆಯಿತು. ಜಮೀನನ್ನು ಅನ್ಯರ ಕೈಗಿತ್ತರೆ ಮರಳಿ ಬಾರದೆಂಬ ಅಳುಕು ಹಿರಿಯರಲ್ಲಿ ಉಳಿದಿರುವುದು ಸಹಜ. ಪಹಣಿಯಲ್ಲಿ ತನ್ನ ಹೆಸರೇ ಮುಂದುವರಿಯುವುದೆಂಬ ಲಿಖಿತ ಭರವಸೆಯು ಈ ಅಳುಕನ್ನು ತಗ್ಗಿಸುತ್ತದೆ.

2. ಮಳೆಯ ಅನಿಶ್ಚಿತತೆ: ಮಳೆಯಾಶ್ರಿತ ಶೇಂಗಾ ಕೈಕೊಟ್ಟ, ಕೊಳವೆಬಾವಿ ಬತ್ತಿದ ಕಡೆ ನಿಶ್ಚಿತ ಆದಾಯಕ್ಕೆ ಬೆಲೆ ಹೆಚ್ಚು. ನೀರಿರುವ ತೋಟದ ಒಡೆಯನು ಅದೇ ದರಕ್ಕೆ ಒಪ್ಪಲಾರನು.

3. ದಾಖಲೆಗಳು: ಖಾತೆ ಇನ್ನೂ ಮೃತ ತಂದೆಯ ಹೆಸರಿನಲ್ಲಿದ್ದರೆ, ಮನಸ್ಸಿದ್ದರೂ ಸಹಿ ಸಾಧ್ಯವಿಲ್ಲ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನಿನ ಗುತ್ತಿಗೆಗೂ 1978ರ ಕಾಯಿದೆಯಂತೆ ಸರ್ಕಾರದ ಪೂರ್ವಾನುಮತಿ ಬೇಕು. ವರ್ಷಕ್ಕೆ ಮೀರಿದ ಗುತ್ತಿಗೆ ಪತ್ರಕ್ಕೆ ನೋಂದಣಿ ಕಡ್ಡಾಯ.

4. ಹಣದ ಮೌಲ್ಯ: ಪಾವಗಡದಲ್ಲಿ ನಿಗದಿಯಾದ ಆರಂಭಿಕ ದರ ಎಕರೆಗೆ ವಾರ್ಷಿಕ 21,000 ರೂ.; ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ಈ ಲೆಕ್ಕದಲ್ಲಿ 27ನೇ ವರ್ಷದ ಬಾಡಿಗೆ ಸುಮಾರು 39,600 ರೂ. ಬೆಲೆಗಳು ವರ್ಷಕ್ಕೆ ಶೇ. 5ರಂತೆ ಏರಿದವೆಂದು ಭಾವಿಸಿದರೆ, ಅಂದು 21,000 ರೂ.ಗಳ ಕೊಳ್ಳುವ ಶಕ್ತಿ ಉಳಿಯಲು ಸುಮಾರು 74,700 ರೂ. ಬೇಕು. ಅರ್ಥಾತ್, ಬಾಡಿಗೆಯ ನೈಜ ಮೌಲ್ಯ ಅರ್ಧದಷ್ಟಕ್ಕೆ ಇಳಿಯುತ್ತದೆ. ಇದಲ್ಲದೆ, ಕೃಷಿಯೇತರ ಬಳಕೆಯ ಈ ಬಾಡಿಗೆಗೆ ಕೃಷಿ ಆದಾಯದ ತೆರಿಗೆ ವಿನಾಯಿತಿ ಅನ್ವಯಿಸದು.

ಇನ್ನೊಂದು ಅಂಶ ಕರಾರಿನಲ್ಲಿ ಕಾಣಿಸುವುದೇ ಇಲ್ಲ. ಬಾಡಿಗೆ ಭೂಮಾಲೀಕನಿಗೆ ಸಲ್ಲುತ್ತದೆ. ಅದೇ ಹೊಲದಲ್ಲಿ ಕಳೆ ಕೀಳುತ್ತಿದ್ದ ಕೂಲಿಕಾರರಿಗೆ, ಕುರಿ ಮೇಯಿಸುತ್ತಿದ್ದವರಿಗೆ ಏನೂ ಸಲ್ಲುವುದಿಲ್ಲ. ಅವರ ಅಸಮಾಧಾನ ನೆರೆಯ ರೈತನ ನಿರ್ಧಾರವನ್ನೂ ಪ್ರಭಾವಿಸುತ್ತದೆ.

ಆದ್ದರಿಂದ ಗುತ್ತಿಗೆಗೆ ಮುಂದಾಗುವ ಉದ್ಯಮಿಗಳು ಆರಂಭಿಕ ದರಕ್ಕಿಂತ ಏರಿಕೆಯ ಸೂತ್ರಕ್ಕೆ ಹೆಚ್ಚು ಗಮನ ಕೊಡುವುದು ಲೇಸು. ಅದನ್ನು ಬೆಲೆ ಸೂಚ್ಯಂಕಕ್ಕೆ ಜೋಡಿಸಬಹುದು. ಅವಧಿ ಮುಗಿದಾಗ ಭೂಮಿಯನ್ನು ಉಳುಮೆಗೆ ಯೋಗ್ಯವಾಗಿ ಮರಳಿಸುವ ಹೊಣೆಯನ್ನು ಪತ್ರದಲ್ಲೇ ನಮೂದಿಸತಕ್ಕದ್ದು. ಇಂದು ಸಹಿ ಹಾಕುವ ರೈತನ ಮಕ್ಕಳೇ ಅಂದು ಲೆಕ್ಕ ಕೇಳುವವರು ಎಂಬುದನ್ನು ಮರೆಯಬಾರದು.