ಮೂಳೆ ಕೂಡಿದರೂ ನೋವು ಏಕೆ?

ಮನೆಯಲ್ಲಿ ಯಾರೋ ಜಾರಿಬಿದ್ದು ಮಣಿಕಟ್ಟಿನ ಮೂಳೆ ಮುರಿದುಕೊಂಡಿದ್ದರೆನ್ನಿ. ಪ್ಲಾಸ್ಟರ್ ಬಿಚ್ಚಿದ್ದಾಯಿತು, ಮೂಳೆಯೂ ಕೂಡಿದೆ. ಆದರೂ ಕೈ ಊದಿ, ಕೆಂಪಾಗಿ, ಬಿಸಿಯಾಗಿದೆ. ಸೆರಗು ತಾಕಿದರೂ ಉರಿ. ಇದು ನಟನೆಯಲ್ಲ. ‘ಕಾಂಪ್ಲೆಕ್ಸ್ ರೀಜನಲ್ ಪೇನ್ ಸಿಂಡ್ರೋಮ್’ ಎಂಬ ಕಾಯಿಲೆ ಇರಬಹುದು.

ಚರ್ಮ ಬರೀ ಹೊದಿಕೆಯಲ್ಲ, ರೋಗನಿರೋಧಕ ವ್ಯವಸ್ಥೆಯ ಹೊರಗಾವಲು. ಪೆಟ್ಟಾದಾಗ ಅದರ ಜೀವಕೋಶಗಳು ಟಿ.ಎನ್.ಎಫ್., ಇಂಟರ್‌ಲ್ಯೂಕಿನ್-6 ಮುಂತಾದ ಉರಿಯೂತದ ರಾಸಾಯನಿಕಗಳನ್ನು ಸ್ರವಿಸುತ್ತವೆ. ಇವು ನರತುದಿಗಳನ್ನು ಕೆರಳಿಸುತ್ತವೆ. ಕೆರಳಿದ ನರತುದಿಗಳು ‘ಸಬ್‌ಸ್ಟೆನ್ಸ್ ಪಿ’ ಎಂಬ ವಸ್ತುವನ್ನು ಸುರಿಸಿ, ಚರ್ಮದ ಮಾಸ್ಟ್ ಕೋಶಗಳನ್ನು ಮತ್ತೆ ಎಬ್ಬಿಸುತ್ತವೆ. ಗಾಯ ಮಾಗಿದಂತೆ ಈ ಸುತ್ತು ನಿಲ್ಲಬೇಕು, ಕೆಲವರಲ್ಲಿ ನಿಲ್ಲುವುದಿಲ್ಲ. ಇಂಥ ರೋಗಿಗಳ ನೋಯುವ ಭಾಗದ ಚರ್ಮದಲ್ಲಿ ಗುಳ್ಳೆ ಎಬ್ಬಿಸಿ, ಅದರ ನೀರನ್ನು ಪರೀಕ್ಷಿಸಿದ ನೆದರ್‌ಲೆಂಡ್ಸ್‌ನ ವೈದ್ಯರು, ಈ ಎರಡು ರಾಸಾಯನಿಕಗಳೂ ಅಲ್ಲಿ ಹೆಚ್ಚಿರುವುದನ್ನು 2002ರಲ್ಲಿ ವರದಿ ಮಾಡಿದರು.

ನೀವು ಮಾಡಬೇಕಾದುದೇನು? ನೋವಿಗೆ ಹೆದರಿ ಕೈಯನ್ನು ಅಲುಗಾಡಿಸದೆ ಇಟ್ಟರೆ ಕೀಲುಗಳು ಬಿಗಿಯುತ್ತವೆ. ಬೇಗ ವೈದ್ಯರಿಗೆ ತೋರಿಸಿ. ಸೋಂಕು ಇತ್ಯಾದಿ ಇಲ್ಲವೆಂದು ಅವರು ಖಚಿತಪಡಿಸಿಕೊಳ್ಳಲಿ. ಅವರ ಸಲಹೆಯಂತೆ ಔಷಧಿಯ ಜೊತೆಗೆ ಫಿಸಿಯೋಥೆರಪಿಯನ್ನೂ ಆರಂಭಿಸಿ. ಮನೆಯವರು ‘ಸುಮ್ಮನೆ ನಾಟಕ’ ಎನ್ನದೆ, ರೋಗಿಯ ಮಾತನ್ನು ನಂಬಿ ಧೈರ್ಯ ತುಂಬುವುದೂ ಚಿಕಿತ್ಸೆಗೆ ನೆರವಾಗುತ್ತದೆ.