ವೈದ್ಯರಿತ್ತ ಮದ್ದು ಮತ್ತು ಮಾದಕವಸ್ತು ಪರೀಕ್ಷೆ

ಉದ್ಯೋಗಕ್ಕೆ ಸೇರುವ ಮುನ್ನ ನಡೆಯುವ ದೇಹಪರೀಕ್ಷೆಯಲ್ಲಿ ಮಾದಕವಸ್ತುಗಳ ಮೂತ್ರಪರೀಕ್ಷೆಯೂ ಈಗ ಕೆಲವೆಡೆ ಸೇರಿಕೊಂಡಿದೆ. ನಮ್ಮ ಟಿ. ನಗರಕ್ಕೆ ಹೆಚ್ಚು ದೂರವಿಲ್ಲದ ಮೀನಂಬಾಕಂ ನಿಲ್ದಾಣದ ವಿಮಾನ ಚಾಲಕರೂ ಸಂಚಾರ ನಿಯಂತ್ರಕರೂ, 2022ರ ಜನವರಿ 31ರಿಂದ ಜಾರಿಗೆ ಬಂದ ಕೇಂದ್ರ ನಿಯಮದಂತೆ, ಮುನ್ಸೂಚನೆಯಿಲ್ಲದ ಇಂಥ ಪರೀಕ್ಷೆಗೆ ಒಳಪಡಬೇಕಾಗಿದೆ. ವೈದ್ಯರು ಬರೆದುಕೊಟ್ಟ ಮದ್ದನ್ನು ಸೇವಿಸಿದವನು ವ್ಯಸನಿಯೆಂಬ ಅಪವಾದ ಹೊತ್ತು ಕೆಲಸ ಕಳೆದುಕೊಳ್ಳಬೇಕಾದೀತೇ ಎಂಬ ಅಳುಕು ಸಹಜವಾದದ್ದೇ.

ಮೊದಲ ಹಂತದ ಪರೀಕ್ಷೆ ಅಗ್ಗ, ಶೀಘ್ರ, ಆದರೆ ಒರಟು. ಅದರಲ್ಲಿರುವ ಪ್ರತಿಕಾಯಗಳು ಮಾದಕವಸ್ತುವಿನ ಅಣುವಿನ ಆಕಾರವನ್ನು ಗುರುತಿಸುತ್ತವೆ. ಹಳೆಯ ಬೀಗವು ಹೋಲುವ ಕೀಲಿಕೈಗೂ ತೆರೆದುಕೊಳ್ಳುವಂತೆ, ಆಕಾರ ಹೋಲುವ ನಿರಪರಾಧಿ ಔಷಧಕ್ಕೂ ಅವು ಓಗೊಡುವುದುಂಟು. ಮೂಗು ಕಟ್ಟಿದಾಗ ಕೊಡುವ ಸ್ಯೂಡೋಎಫೆಡ್ರಿನ್, ಹೊಟ್ಟೆಯುರಿಯ ರಾನಿಟಿಡೀನ್, ರಕ್ತದೊತ್ತಡದ ಲೆಬೆಟಲಾಲ್ ಇವು ಆಂಫೆಟಮೀನ್ ಎಂದೂ, ಆಫ್ಲಾಕ್ಸಸಿನ್, ಲಿವೋಫ್ಲಾಕ್ಸಸಿನ್ ಮುಂತಾದವು ಅಫೀಮಿನ ವರ್ಗವೆಂದೂ ತೋರಿಬಂದ ನಿದರ್ಶನಗಳಿವೆ. ಆದುದರಿಂದಲೇ ಸಂಶಯ ಬಂದ ಮಾದರಿಯನ್ನು ಗ್ಯಾಸ್ ಕ್ರೊಮ್ಯಾಟೋಗ್ರಫಿ, ಮಾಸ್ ಸ್ಪೆಕ್ಟ್ರೋಮೆಟ್ರಿಗಳೆಂಬ ಸೂಕ್ಷ್ಮ ವಿಧಾನಗಳಿಂದ ಮತ್ತೆ ಪರಿಶೀಲಿಸಬೇಕು. ಅಲ್ಲಿ ಹೋಲಿಕೆಯ ಮೋಸ ನಡೆಯದು. ಈ ಎರಡನೆಯ ಹಂತವಿಲ್ಲದೆ ಒಬ್ಬನ ಮೇಲೆ ತೀರ್ಪು ಕೊಡುವುದು ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಆದರೆ ಕೆಲವು ಮದ್ದುಗಳ ವಿಷಯ ಬೇರೆ. ಕೆಮ್ಮಿಗೆ ಕೊಡುವ ಕೋಡೀನ್ ಯಕೃತ್ತಿನಲ್ಲಿ ಭಾಗಶಃ ಮಾರ್ಫಿನ್ ಆಗಿಯೇ ಮಾರ್ಪಡುತ್ತದೆ. ನಿದ್ರೆಗೆ ನುಂಗುವ ಆಲ್ಪ್ರಜೋಲಾಂ, ಮೂರ್ಛೆರೋಗಕ್ಕೆ ಕೊಡುವ ಫಿನೋಬಾರ್ಬಿಟೋನ್ ಇವು ಪರೀಕ್ಷೆ ಹುಡುಕುವ ವರ್ಗಕ್ಕೇ ಸೇರಿದವು. ಭಂಗಿ ಬೆರೆತ ಕೆಲವು ದೇಶೀಯ ಔಷಧಗಳೂ ಹೀಗೆಯೇ. ಇಲ್ಲಿ ಸೂಕ್ಷ್ಮ ಪರೀಕ್ಷೆಯೂ ಹೌದೆಂದೇ ಹೇಳುತ್ತದೆ. ಕಾಪಾಡುವುದು ವೈದ್ಯರ ಚೀಟಿ ಮಾತ್ರ.

ನಮ್ಮವರಿಗೆ ವಿಶೇಷವಾಗಿ ಹೇಳಬೇಕಾದದ್ದು ಗಸಗಸೆಯ ಮಾತು. ಅಫೀಮು ಗಿಡದ ಬೀಜವಾದ ಅದರ ಮೇಲೆ ಮಾರ್ಫಿನ್ನಿನ ಲೇಶ ಅಂಟಿರುತ್ತದೆ. ಹಬ್ಬದ ಗಸಗಸೆ ಪಾಯಸವನ್ನು ಎರಡು ಲೋಟ ಕುಡಿದು ಮರುದಿನ ಮೂತ್ರ ಕೊಟ್ಟವನಿಗೂ ತೊಡಕಾಗಬಹುದು. ಇಂಥ ಗೊಂದಲ ತಪ್ಪಿಸಲೆಂದೇ ಅಮೆರಿಕದ ಸರ್ಕಾರಿ ನೌಕರರ ಪರೀಕ್ಷೆಯಲ್ಲಿ ಮಿಲಿಲೀಟರಿಗೆ 300 ನ್ಯಾನೊಗ್ರಾಂ ಇದ್ದ ಮಿತಿಯನ್ನು 1998ರಲ್ಲಿ 2000ಕ್ಕೆ ಏರಿಸಿದರು.

ಕ್ರೀಡಾಪಟುಗಳ ನಿಯಮ ಇನ್ನೂ ಕಠಿಣ. ಕ್ರಿಕೆಟ್ ಆಟಗಾರ ಪೃಥ್ವಿ ಶಾ ಅವರು 2019ರಲ್ಲಿ ಕೆಮ್ಮಿನ ಔಷಧದೊಳಗಿನ ಟರ್ಬ್ಯುಟಲಿನ್‌ನಿಂದಾಗಿ ಎಂಟು ತಿಂಗಳ ನಿಷೇಧಕ್ಕೊಳಗಾದರು. ಅರಿಯದೆ ಸೇವಿಸಿದರೆಂಬುದನ್ನು ಒಪ್ಪಿದ ಮೇಲೂ ಶಿಕ್ಷೆ ತಪ್ಪಲಿಲ್ಲ.

ಪರೀಕ್ಷೆಗೆ ಹೆದರಿ ಮದ್ದನ್ನೇ ನಿಲ್ಲಿಸುವುದು ಎಲ್ಲಕ್ಕಿಂತ ಅಪಾಯಕರ. ಫಿನೋಬಾರ್ಬಿಟೋನನ್ನು ಹಠಾತ್ತನೆ ಬಿಟ್ಟರೆ ಮೂರ್ಛೆ ಮರುಕಳಿಸಿ ಪ್ರಾಣಕ್ಕೇ ಸಂಚಕಾರ ಬರಬಹುದು. ಚೀಟಿಯನ್ನೂ ಮಾತ್ರೆಯ ಪಟ್ಟಿಯನ್ನೂ ಜೊತೆಗೊಯ್ದು, ಹಿಂದಿನ ಕೆಲವು ದಿನಗಳಲ್ಲಿ ಸೇವಿಸಿದ್ದೆಲ್ಲವನ್ನೂ, ಪಾಯಸವನ್ನೂ ಸೇರಿಸಿ, ಮಾದರಿ ಕೊಡುವ ಮೊದಲೇ ಬರೆಸಿಡಿರಿ.