ಬೆಂಜೀನ್ ಮತ್ತು ರಕ್ತದ ಕ್ಯಾನ್ಸರ್
ಪರೀಕ್ಷೆಗಳ ಔದ್ಯೋಗಿಕ ಆರೋಗ್ಯದ ಪ್ರಶ್ನೆಗಳಲ್ಲಿ ಗುಜರಾತ್ ಮತ್ತೆ ಮತ್ತೆ ಬರುತ್ತದೆ. ಐಸಿಎಂಆರ್‌ನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಇರುವುದು ಅಹಮದಾಬಾದಿನಲ್ಲಿ. ಅದರ ದಕ್ಷಿಣ ಕೇಂದ್ರ ಬೆಂಗಳೂರಿನಲ್ಲಿದೆ. ವಡೋದರಾ ಬಳಿಯ ಕೊಯಲಿ ತೈಲ ಶುದ್ಧೀಕರಣಾಗಾರ 1965ರದು. ಕಚ್ಚಾ ತೈಲ, ಪೆಟ್ರೋಲ್ ಎರಡರಲ್ಲೂ ಬೆಂಜೀನ್ ಇರುತ್ತದೆ.

ಉಸಿರಿನೊಂದಿಗೆ ಒಳಸೇರಿದ ಬೆಂಜೀನನ್ನು ಯಕೃತ್ತು ಒಡೆಯುತ್ತದೆ. ಆಗ ಹುಟ್ಟುವ ವಸ್ತುಗಳು ಅಸ್ಥಿಮಜ್ಜೆಗೆ ಪೆಟ್ಟು ಕೊಡುತ್ತವೆ. ಮೊದಲು ರಕ್ತಕಣಗಳು ಕುಸಿಯಬಹುದು. ವರ್ಷಗಳ ನಂತರ ತೀವ್ರ ಮೈಲಾಯ್ಡ್ ಲ್ಯುಕೇಮಿಯಾ ಬರಬಹುದು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಬೆಂಜೀನ್, ಫಾರ್ಮಾಲ್ಡಿಹೈಡ್ ಎರಡನ್ನೂ 1ನೇ ಗುಂಪಿಗೆ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾದ ವಸ್ತುಗಳ ಗುಂಪಿಗೆ, ಸೇರಿಸಿದೆ.

ಅಭ್ಯರ್ಥಿಗಳು ಎಡವುವುದು ಇಲ್ಲಿ: ಅಹಮದಾಬಾದ್, ಸೂರತ್‌ಗಳ ಜವಳಿ ಬಣ್ಣದ ಮಾತು ಬಂದರೆ ನೆನಪಾಗಬೇಕಾದ್ದು ಬೆಂಜೀನ್ ಅಲ್ಲ, ಬಣ್ಣ ತಯಾರಿಕೆಯ ರಾಸಾಯನಿಕ ಬೆಂಜಿಡೀನ್. ಅದು ತರುವುದು ಮೂತ್ರಕೋಶದ ಕ್ಯಾನ್ಸರ್, ರಕ್ತದ್ದಲ್ಲ.

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಬೆಂಜೀನ್ ಒಡಂಬಡಿಕೆ: ಸಂಖ್ಯೆ 136, 1971, ಭಾರತದ ಅನುಮೋದನೆ 1991.